ಡಂಗುರ ನಿಂತ ವರ್ಷ

ಪತ್ರಿಕೆಯಲ್ಲಿ ಎಲ್ಲಾದರೂ ಹೊಸ ಸೈರನ್ ಕೂಡಿಸಿದ ಫೋಟೋ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ರಿಬ್ಬನ್ನು, ಕತ್ತರಿ, ಹಾರ ಹಾಕಿಸಿಕೊಂಡು ನಿಂತ ದೊಡ್ಡ ಮನುಷ್ಯರು, ಹಿಂದೆ ಕಂಬದ ಮೇಲೆ ಬಾಯಿ ತೆರೆದು ಕೂತ ಆ ಯಂತ್ರ. ಬೆಳಗಾವಿಯ ಮಹಾಂತೇಶ ನಗರದ ಮನೆಯ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಾಗ ನನ್ನ ಮುಖ ನೋಡಿಯೇ ಹೆಂಡತಿಗೆ ಗೊತ್ತಾಗುತ್ತದೆ. "ಮತ್ತ ಸೈರನ್ ಬಂತೇನ್ರಿ?" ಎಂದು ಪೇಪರ್ ಕಸಿದುಕೊಂಡು ಕೈಗೆ ಚಹಾ ಕೊಡುತ್ತಾಳೆ. ಚಹಾದಿಂದ ಇಳಿಯುವ ಸಿಟ್ಟಲ್ಲ ಇದು. ನಲವತ್ತು ವರ್ಷದ ಮೇಲಾಯಿತು, ಇಳಿಯಲಿ ಎಂದು ನಾನು ಬಯಸಿಯೂ ಇಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಖಾನಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಕಚೇರಿಯ ಹೆಸರು ಬರೆಯುವುದಿಲ್ಲ. ಬರೆದರೆ ಓದಿದವರು "ಓಹೋ, ಆ ಕಚೇರಿಯೇ ಹಾಗೆ" ಎಂದು ಉಳಿದ ಕಚೇರಿಗಳನ್ನೆಲ್ಲ ಮಾಫಿ ಮಾಡಿಬಿಡುತ್ತಾರೆ. ನಮ್ಮದು ಕುರಿ ಕಾಯುವ ಮನೆತನ. ಅದರಲ್ಲಿ ಮೊದಲು ಪ್ಯಾಂಟು ಹಾಕಿದವನು ನಾನು, ಮೊದಲು ತಿಂಗಳ ಪಗಾರ ಕಂಡವನೂ ನಾನು. ಅಣ್ಣ ಮಾತ್ರ ಅಪ್ಪನ ಕೋಲು, ಅಪ್ಪನ ಕಂಬಳಿ, ಅಪ್ಪನ ಹಿಂಡು ಹಿಡಿದುಕೊಂಡೇ ಉಳಿದ. ನಾನು ಬೆಳಗಾವಿಯ ಶಹಾಪುರದಲ್ಲಿ ಒಂದು ಖೋಲಿ ಬಾಡಿಗೆ ಹಿಡಿದಿದ್ದೆ. ದಿನಾ ಬೆಳಿಗ್ಗೆ ರೈಲುಗಾಡಿ ಹತ್ತಿ, ದೇಸೂರ ದಾಟಿ, ಖಾನಾಪುರದಲ್ಲಿ ಇಳಿದು ಕಚೇರಿಗೆ ಹೋಗುತ್ತಿದ್ದೆ.

ಆಗ ಖಾನಾಪುರದ ಹೊಳೆದಂಡೆಯವರಿಗೆ ನೆರೆಯ ಸುದ್ದಿ ಹೇಳುತ್ತಿದ್ದವನು ಒಬ್ಬ ಮುದುಕ. ಅವನನ್ನು ಎಲ್ಲರೂ ಅಜ್ಜ ಎಂದೇ ಕರೆಯುತ್ತಿದ್ದರು. ಅವನ ಅಪ್ಪ, ಅಪ್ಪನ ಅಪ್ಪ ಎಲ್ಲರೂ ಊರಿಗೆ ಡಂಗುರ ಸಾರಿದವರೇ. ಹಳೆಯ ವತನಗಳು ರದ್ದಾದ ಮೇಲೆ ಇವನ ಕೆಲಸವೂ ಹೋಗಬೇಕಾಗಿತ್ತು. ಯಾರೋ ಪುಣ್ಯಾತ್ಮ ಅಧಿಕಾರಿ, ಜೂನ್ ತಿಂಗಳ ಮಿರಗದ ಮಳೆಯಿಂದ ದೀಪಾವಳಿಯ ತನಕ ನಮ್ಮ ಕಚೇರಿಯಿಂದ ಒಂದಿಷ್ಟು ಭತ್ಯೆ ಹಚ್ಚಿಕೊಟ್ಟಿದ್ದ. ಅಜ್ಜನ ಕೆಲಸ ಇಷ್ಟು: ಮಲಪ್ರಭೆಯ ಘಾಟಿನಲ್ಲಿ ಒಂದು ಮೆಟ್ಟಿಲಿಗೆ ಪ್ರತಿ ವರ್ಷ ಕಾವಿ ಬಳಿಯುವುದು, ದಿನಾ ಬೆಳಿಗ್ಗೆ ಸಂಜೆ ಹೋಗಿ ನೋಡುವುದು, ನೀರು ಕಾವಿ ಮೆಟ್ಟಿಲು ಮುಟ್ಟಿತೆಂದರೆ ಡಂಗುರ ಬಡಿಯುವ ಚರ್ಮದ ಹಲಿಗೆಯನ್ನು ಹೆಗಲಿಗೆ ಹಾಕಿಕೊಂಡು ಹೊರಡುವುದು. ಮೊದಲು ದಂಡೆಯ ಓಣಿಗಳು, ಆಮೇಲೆ ಹೊಳೆಗುಂಟ ಕೆಳಗಿನ ಬಯಲು, ಒಂದು ತಾಸಿನ ದಾರಿ. ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಕೂಗುತ್ತಿದ್ದ: "ಹೊಳಿ ಬರಾಕತ್ತೇತ್ರೋ, ಮ್ಯಾಲ ಹೋಗ್ರೋ! ಪೂರ ಆಲಾ ಹೋ, ವರ ಚಲಾ!"

ಇಲ್ಲಿಯ ಹೊಳೆಯನ್ನು ಆಕಾಶ ನೋಡಿ ಅಳೆಯಲಾಗುವುದಿಲ್ಲ. ಕಣಕುಂಬಿಯ ಕಡೆ ಘಟ್ಟದಲ್ಲಿ ಮಳೆ ಹೊಡೆದರೆ, ಖಾನಾಪುರದಲ್ಲಿ ಬಿಸಿಲು ಬಿದ್ದಿರುವಾಗಲೇ ನೀರು ಏರುತ್ತದೆ. ಕಾವಿ ಮೆಟ್ಟಿಲು ಮುಳುಗಿದ ಎರಡು ತಾಸಿಗೆ ಕೆಳಗಿನ ಬಯಲಿನಲ್ಲಿ ಮೊಣಕಾಲು ನೀರು, ಮೂರು ತಾಸಿಗೆ ಎದೆಮಟ್ಟ. ಇದನ್ನು ಯಾವ ಇಂಜಿನಿಯರನೂ ಅಜ್ಜನಿಗೆ ಹೇಳಿಕೊಟ್ಟಿರಲಿಲ್ಲ. ಅವನ ಅಪ್ಪ ಹೇಳಿದ್ದ.

ಆ ಬಯಲಿಗೆ ನಮ್ಮ ಅಣ್ಣನಂಥ ಕುರಿಗಾರರು ಪ್ರತಿ ವರ್ಷ ಬರುತ್ತಿದ್ದರು. ಮಳೆಗಾಲದಲ್ಲಿ ಈ ಕಡೆಯ ಕೆಸರಿಗೆ ಕುರಿಯ ಗೊರಸು ಕೊಳೆಯುತ್ತವೆ. ಅದಕ್ಕೆ ಮಿರಗಕ್ಕೆ ಮುಂಚೆಯೇ ಹಿಂಡು ಹೊಡೆದುಕೊಂಡು ಮೂಡಣ ಸೀಮೆಯ ಎರೆ ಹೊಲಗಳ ಕಡೆ ಹೋಗುವುದು, ಮಳೆ ಹಿಂದಾಗುವ ಹೊತ್ತಿಗೆ ತಿರುಗಿ ಬರುವುದು. ಹೊಳೆಯ ಬಯಲಿನ ರೈತರು ಇವರ ದಾರಿ ಕಾಯುತ್ತಿದ್ದರು. ಹೊಲದಲ್ಲಿ ಸುತ್ತಲೂ ಗೂಟ ಹೊಡೆದು ಬಲೆ ಕಟ್ಟಿ ಒಳಗೆ ಹಿಂಡು ನಿಲ್ಲಿಸಿದರೆ ಹಿಕ್ಕೆಯ ಗೊಬ್ಬರ ರೈತನಿಗೆ, ಭತ್ತವೋ ಜೋಳವೋ ಕುರಿಗಾರನಿಗೆ.

ಬಲೆ ಕಿತ್ತು ಹಿಂಡು ಎಬ್ಬಿಸುವುದು ಸಣ್ಣ ಕೆಲಸವಲ್ಲ. ಈಗ ತಾನೇ ಈದ ಕುರಿಗಳು, ಇನ್ನೂ ನೆಟ್ಟಗೆ ನಿಲ್ಲದ ಮರಿಗಳು, ಗೂಟ, ಹಗ್ಗ, ಬೋಗುಣಿ. ಹೊಳೆ ಸ್ವಲ್ಪ ಕೆಂಪಾದಾಗಲೆಲ್ಲ ಎಬ್ಬಿಸುತ್ತ ಹೋದರೆ ಕುರಿ ಬಡಕಲಾಗುತ್ತವೆ, ರೈತ ಸಿಟ್ಟಾಗುತ್ತಾನೆ. ಹೀಗಾಗಿ ಒಂದು ರೂಢಿ ಬಿದ್ದಿತ್ತು. ಹಲಿಗೆ ಕೇಳಿದರೆ ಎದ್ದು ಓಡಬೇಕು. ಕೇಳದಿದ್ದರೆ ಹೊಳೆ ಎಷ್ಟೇ ಸದ್ದು ಮಾಡಿದರೂ ಕೂತಿರಬಹುದು. ಈ ಎರಡನೆಯ ಮಾತನ್ನು ನಮ್ಮ ಕಚೇರಿಯಲ್ಲಿ ಒಬ್ಬನೂ ತಿಳಿದುಕೊಳ್ಳಲಿಲ್ಲ. ಕುರಿ ಹಟ್ಟಿಯಲ್ಲಿ ಹುಟ್ಟಿದ ನಾನೂ ಮರೆತುಬಿಟ್ಟಿದ್ದೆ ಎಂಬುದಕ್ಕೆ ನನ್ನ ಮೇಲೆ ನನಗೆ ಹೇಸಿಗೆ.

ನಮ್ಮ ಸಾಹೇಬರು ಬೆಳಗಾವಿಯಿಂದ ಬಂದವರು. ಯುದ್ಧದ ದಿನಗಳಲ್ಲಿ ಅಲ್ಲಿ ಮಿಲಿಟರಿ ಕ್ಯಾಂಪಿನ ಕಡೆ ಸೈರನ್ ಊದಿದರೆ ಊರಿಗೆ ಊರೇ ದೀಪ ಆರಿಸಿ ಸುಮ್ಮನಾಗುತ್ತಿದ್ದುದನ್ನು ಕಂಡಿದ್ದರು. ಆ ಗತ್ತು ಅವರ ತಲೆಯಿಂದ ಇಳಿದಿರಲಿಲ್ಲ. ಒಂದು ಗುಂಡಿ ಒತ್ತಿದರೆ ಸಾವಿರ ಜನ ಮಾತು ಕೇಳುತ್ತಾರೆ ಎಂದರೆ ಯಾವ ಅಧಿಕಾರಿಗೆ ಆಸೆಯಾಗುವುದಿಲ್ಲ! ನೆರೆ ಮುನ್ನೆಚ್ಚರಿಕೆಗೆ ಎಂದು ಹಣ ಬರುತ್ತದೆ ಎಂಬ ಸುದ್ದಿ ಸಿಕ್ಕ ದಿನವೇ ಎಸ್ಟಿಮೇಟ್ ಮಾಡಿಸಿದರು. ನ್ಯಾಯವಾಗಿ ಹೇಳಬೇಕೆಂದರೆ ಮೊದಲ ಎಸ್ಟಿಮೇಟ್ ಕೆಟ್ಟದಾಗಿರಲಿಲ್ಲ. ಸೈರನ್, ಕಂಬ, ಕರೆಂಟು ಹೋದರೆ ಊದಲು ಬ್ಯಾಟರಿ, ಸೈರನ್ ಕೇಳದ ಬಯಲಿಗೆ ಹೋಗಿ ಸಾರಲು ಅಜ್ಜನಿಗೊಂದು ಸೈಕಲ್, ಕೊನೆಯಲ್ಲಿ ಉದ್ಘಾಟನೆಯ ಖರ್ಚು.

ಬೆಳಗಾವಿಯ ಮೇಲಿನ ಕಚೇರಿಯಿಂದ ಅದು ತಿರುಗಿ ಬಂದಾಗ ಎರಡು ಸಾಲಿನ ಮೇಲೆ ಕೆಂಪು ಶಾಯಿ ಎಳೆದಿತ್ತು. ಬ್ಯಾಟರಿ ಹೋಗಿತ್ತು, ಸೈಕಲ್ ಹೋಗಿತ್ತು. ಉದ್ಘಾಟನೆಯ ಖರ್ಚು ಹಾಗೆಯೇ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಈ ಪೂಜಾರಿಗಳು ದೇವರ ಪ್ರಸಾದ ತಿಂದು ಬರೀ ಬಾಳೆಎಲೆ ನಮಗೆ ಕಳಿಸಿದ್ದರು. ಸಾಹೇಬರು ಒಂದು ಸಲವಾದರೂ ಮರಳಿ ಬರೆದು ಕೇಳಬಹುದಾಗಿತ್ತು. ಕೇಳಿದರೆ ಹಣವೇ ವಾಪಸು ಹೋದೀತು ಎಂಬ ಅಂಜಿಕೆ. "ಇರಲಿ ಬಿಡ್ರಿ, ಮೊದ್ಲ ಸೈರನ್ ಬರಲಿ, ಮುಂದಿಂದ ಮುಂದ ನೋಡೂಣು," ಎಂದರು.

ಬೇಸಿಗೆಯ ಕೊನೆಯಲ್ಲಿ ಸೈರನ್ ಬಂತು. ಶಾಮಿಯಾನ, ತೆಂಗಿನಕಾಯಿ, ಭಾಷಣ. ಊರಿನ ಜನ ಕಿವಿ ಮುಚ್ಚಿಕೊಂಡು ನಕ್ಕರು. ಅಜ್ಜ ಕೂಡ ಹಿಂದೆ ನಿಂತು ನೋಡುತ್ತಿದ್ದ. ಕಾರ್ಯಕ್ರಮಕ್ಕೆ ಜನ ಸೇರಿಸಲು ಹಿಂದಿನ ದಿನ ಡಂಗುರ ಸಾರಿದವನು ಅವನೇ.

ಆಮೇಲೆ ಬೆಳಗಾವಿಯಿಂದ ಇನ್ನೊಂದು ಕಾಗದ ಬಂತು. ಸೈರನ್ನಿನ ನಿರ್ವಹಣೆಗೆ ಬೇರೆ ಹಣ ಇಲ್ಲ, ಕಚೇರಿಯ ಸಾದಿಲ್ವಾರಿನಲ್ಲಿಯೇ, ಅಂದರೆ ಕಸಬರಿಗೆ, ಮಸಿ, ಚಹಾ ಇಂಥ ಸಣ್ಣಪುಟ್ಟ ಖರ್ಚಿನ ಹಣದಲ್ಲಿಯೇ, ಹೊಂದಿಸಿಕೊಳ್ಳಬೇಕು ಎಂದು. ಅಜ್ಜನ ಭತ್ಯೆ ಹೋಗುತ್ತಿದ್ದುದೂ ಅದರಿಂದಲೇ. ಸಾಹೇಬರು ನನ್ನನ್ನು ಕರೆದರು.

"ಒಂದ ಕೆಲಸಕ್ಕ ಎರಡು ಪಗಾರ ಯಾಕ್ರಿ? ಆಡಿಟ್‌ನವರು ಬಂದ್ರ ಏನ ಹೇಳೋದು? ಒಂದು ಚಲೋ ಟಿಪ್ಪಣಿ ಬರೀರಿ."

ನಾನು ಬರೆದೆ. ಆ ದಿನಗಳಲ್ಲಿ ನನ್ನ ಟಿಪ್ಪಣಿಗಳಿಗೆ ಕಚೇರಿಯಲ್ಲಿ ಹೆಸರಿತ್ತು. ಅಕ್ಷರ ಮುತ್ತು ಪೋಣಿಸಿದಂತೆ, ಒಂದು ಪದ ಹೆಚ್ಚಿಲ್ಲ ಎಂದು ಸಾಹೇಬರು ಬಂದವರಿಗೆಲ್ಲ ತೋರಿಸುತ್ತಿದ್ದರು. "ಸೈರನ್ ವ್ಯವಸ್ಥೆ ಬಂದಿರುವುದರಿಂದ ಡಂಗುರದ ಅವಶ್ಯಕತೆ ಇರುವುದಿಲ್ಲ" ಎಂದು ಬರೆದು ಕೆಳಗೆ ಚಿಕ್ಕ ಸಹಿ ಹಾಕಿದೆ. ಸಾಹೇಬರು ಅದರ ಕೆಳಗೆ ದೊಡ್ಡ ಸಹಿ ಹಾಕಿದರು. ಮಧ್ಯಾಹ್ನದ ಊಟಕ್ಕೆ ಮುಂಚೆ ಕೆಲಸ ಮುಗಿಯಿತು. ನನಗೆ ಒಂದು ತುತ್ತೂ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ.

ಅಜ್ಜನನ್ನು ಕರೆಸಿ ಓದಿ ಹೇಳಿದೆ. ಇನ್ನು ಮುಂದೆ ಕಚೇರಿಯ ಆದೇಶವಿಲ್ಲದೆ ಸಾರಿ ಜನರಲ್ಲಿ ಗಾಬರಿ ಹುಟ್ಟಿಸಬಾರದು ಎಂದು ಇನ್ನೊಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಹಿಂದೊಮ್ಮೆ ಹಲಿಗೆಗೆ ಹೊಸ ಚರ್ಮ ಹಾಕಿಸಿದ ಖರ್ಚು ಕಚೇರಿಯದಾಗಿತ್ತು, ಆದ್ದರಿಂದ ಹಲಿಗೆಯೂ ಕಚೇರಿಯದೇ. ಅದನ್ನು ಇಸಿದುಕೊಂಡು ಡೆಡ್‌ಸ್ಟಾಕ್, ಅಂದರೆ ಕಚೇರಿಯ ಸಾಮಾನುಗಳ, ವಹಿಯಲ್ಲಿ ಬರೆದು, ಹಳೆಯ ಕಾಗದಗಳನ್ನಿಡುವ ದಫ್ತರದ ಖೋಲಿಯಲ್ಲಿಟ್ಟು ಬೀಗ ಹಾಕಿದೆ. ಆ ಖೋಲಿಯ ಕೀಲಿ ಕೈ ನನ್ನ ಹತ್ತಿರವೇ ಇರುತ್ತಿತ್ತು.

ಅಜ್ಜ ನನ್ನನ್ನು ಒಂದೇ ಪ್ರಶ್ನೆ ಕೇಳಿದ. "ಸಾಹೇಬ್ರ, ಇನ್ನ ಡಂಗರಾ ಇಲ್ಲಾ ಅಂತ ಜನಕ್ಕ ಹೇಳಬೇಕಲ್ರಿ? ಅದನ್ನರ ಒಮ್ಮಿ ಸಾರಿ ಬರ್ಲೇನ್ರಿ?"

ಒಳಗಿನಿಂದ ಸಾಹೇಬರು ನಕ್ಕರು. "ಡಂಗರಾ ನಿಂತೇತಿ ಅಂತ ಡಂಗರಾ ಹೊಡೀತಾನಂತ! ಭತ್ಯಾ ನಿಂತ ಮ್ಯಾಲ ಅದಕ್ಕ ರೊಕ್ಕ ಎಲ್ಲಿಂದ ತರೋದೋ ಅಜ್ಜಾ?" ಎಂದರು. ಕಚೇರಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗುವನ್ನು ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಇಡೀ ಎಸ್ಟಿಮೇಟಿನಲ್ಲಿ, ಎಲ್ಲ ಕಾಗದಗಳಲ್ಲಿ, ಯೋಗ್ಯವಾದ ಮಾತೊಂದನ್ನು ಆಡಿದವನು ಆ ಹೆಬ್ಬೆಟ್ಟಿನ ಮುದುಕನೊಬ್ಬನೇ.

ಮಳೆಗಾಲದ ಜೋರು ಕಳೆಯಿತು. ಘಾಟು ನೋಡಿ ಬಂದು ಗುಂಡಿ ಒತ್ತುವುದು ಈಗ ಪಟ್ಟೇವಾಲಾನ, ಅಂದರೆ ಕಚೇರಿ ಜವಾನನ, ಕೆಲಸ. ಸೈರನ್ ಎರಡು ಸಲ ಊದಿತು, ದಂಡೆಯ ಓಣಿಯವರು ಎದ್ದು ಮೇಲೆ ಬಂದರು, ಸಾಹೇಬರಿಗೆ ಬೆಳಗಾವಿಯಿಂದ ಶಾಭಾಸ್‌ಗಿರಿ ಸಿಕ್ಕಿತು. ಕೆಳಗಿನ ಬಯಲಿಗೆ ಅದರ ಸದ್ದು ಮುಟ್ಟುತ್ತದೋ ಇಲ್ಲವೋ ಎಂದು ಒಬ್ಬರೂ ಹೋಗಿ ನೋಡಲಿಲ್ಲ. ಆಗ ಅಲ್ಲಿ ಕುರಿಗಾರರು ಇರಲಿಲ್ಲ, ಮೂಡಣ ಸೀಮೆಯಲ್ಲಿದ್ದರು.

ಭಾದ್ರಪದ ಕಳೆದು ಅಣ್ಣ ಹಿಂಡಿನೊಂದಿಗೆ ತಿರುಗಿ ಬಂದ. ಸಂತೆಯ ದಿನ ಖಾನಾಪುರದಲ್ಲಿ ಸಿಕ್ಕ. ಆ ವರ್ಷ ಹಿಂಡು ಚೆನ್ನಾಗಿ ಬೆಳೆದಿತ್ತು, ಮರಿಗಳೂ ಸೇರಿ ನೂರಾ ನಲವತ್ತು. ಒಂದು ಹೋಟೆಲಿನಲ್ಲಿ ಕೂತು ಚಹಾ ಕುಡಿದೆವು. ಮಿರ್ಚಿ ಭಜಿ ತಿಂದೆವು. ಮುಂದಿನ ವರ್ಷ ಮಗಳ ಮದುವೆ ಮಾಡಬೇಕು, ಹಿಂಡಿನಲ್ಲಿ ಯಾವ ಟಗರು ಮಾರಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಅವನು ಬೆರಳು ಮಡಿಚಿ ಹೇಳುತ್ತ ಹೋದ. ಅರ್ಧ ತಾಸು ಎದುರಾ ಎದುರು ಕೂತಿದ್ದೆ. ಡಂಗುರ ನಿಂತಿದೆ ಎಂದು ಹೇಳಲಿಲ್ಲ. ಮುಚ್ಚಿಟ್ಟೆ ಎಂದಲ್ಲ, ನೆನಪೇ ಆಗಲಿಲ್ಲ. ಅದು ನನಗೆ ಒಂದು ಫೈಲಾಗಿತ್ತು, ಫೈಲು ಕಚೇರಿಯ ಕಪಾಟಿನಲ್ಲಿತ್ತು.

ಹಸ್ತ ಮಳೆಯ ಒಂದು ಬೆಳಿಗ್ಗೆ. ಬೆಳಗಾವಿಯಲ್ಲಿ ಆಕಾಶ ತೊಳೆದಿಟ್ಟಂತಿತ್ತು. ಗಾಡಿಯಲ್ಲಿ ಜೊತೆಯವರೊಂದಿಗೆ ಇಸ್ಪೀಟು ಆಡಿದೆ. ದೇಸೂರದ ಹತ್ತಿರ ಭತ್ತದ ಗದ್ದೆಗಳ ಮೇಲೆ ಬಿಸಿಲು ಬಿದ್ದಿತ್ತು. ಹತ್ತೂಕಾಲಿಗೆ ಕಚೇರಿ ಮುಟ್ಟಿದಾಗ ಅಜ್ಜ ಮೆಟ್ಟಿಲ ಮೇಲೆ ಕೂತಿದ್ದ. ಮೊಣಕಾಲ ತನಕ ಧೋತರ ಒದ್ದೆಯಾಗಿತ್ತು.

"ಏಳಕ್ಕ ಕಾವಿ ಮೆಟ್ಟಲ ಮುಳಗೇತ್ರಿ, ಸಾಹೇಬ್ರ. ಅವಾಗಿಂದ ಕುಂತೇನ್ರಿ."

"ಏಳಕ್ಕ? ಸೈರನ್ ಊದಿಲ್ಲೇನ?"

"ನಿನ್ನಿ ಗಾಳಿಗೆ ಎಲ್ಲೋ ಕಂಬ ಬಿದ್ದೇತಂತ್ರಿ, ಕರೆಂಟ್ ಇಲ್ಲ. ನಿಮ್ಮ ಪಟ್ಟೇವಾಲಾ ಬಂದು ಗುಂಡಿ ಒತ್ತಿ ನೋಡಿದ. ದಂಡಿ ಓಣ್ಯಾಗ ಹೇಳಿ ಬರ್ತೇನಂತ ಓಡಿ ಹೋಗ್ಯಾನ. ದೊಡ್ಡ ಸಾಹೇಬ್ರು ಬೆಳಗಾಂವಿಗೆ ಮೀಟಿಂಗಿಗೆ ಹೋಗ್ಯಾರಂತ."

ನನಗೆ ತಲೆ ಕೆಟ್ಟಿತು. "ಬಯಲಿಗೆ ನೀ ಹೋಗಾಕ ಏನಾಗಿತ್ತು? ಕಾಲ ಇದ್ದಿಲ್ಲೇನ? ಬಾಯಿ ಇದ್ದಿಲ್ಲೇನ?" ಎಂದು ಅವನ ಮೇಲೆ ಕೂಗಾಡಿದೆ.

ಅಜ್ಜ ತಲೆ ಎತ್ತಿ ನೋಡಿದ. "ಆರ್ಡರ್ ಇಲ್ಲದ ಸಾರಿದ್ರ ಜೇಲಿಗೆ ಹಾಕ್ತಾರ ಅಂತ ನೀವ ಓದಿ ಹೇಳಿದ್ರಲ್ರಿ. ಹೆಬ್ಬಟ್ಟ ಒತ್ತಿಸಿಕೊಂಡ್ರಿ. ಹಲಿಗಿ ನಿಮ್ಮ ಖೋಲ್ಯಾಗೈತಿ."

ಜೇಲಿನ ಮಾತು ಕಾಗದದಲ್ಲಿ ಇರಲಿಲ್ಲ. ಓದುವಾಗ ಹುರುಪಿನಲ್ಲಿ ನಾನೇ ಸೇರಿಸಿದ್ದೆ.

ಬೀಗ ತೆಗೆದು ಹಲಿಗೆ ತಂದೆ. ನಾಲ್ಕು ತಿಂಗಳು ಥಂಡಿ ಖೋಲಿಯಲ್ಲಿ ಬಿದ್ದು ಚರ್ಮ ಜೋತುಬಿದ್ದಿತ್ತು. ಅಜ್ಜ ಬಡಿದ. ಹಸಿ ಗೋಡೆಗೆ ಬಡಿದಂಥ ಸದ್ದು. ಹಲಿಗೆಯನ್ನು ಬೆಂಕಿಗೆ ಹಿಡಿದು ಕಾಯಿಸದೆ ಅದು ದನಿ ಬಿಡುವುದಿಲ್ಲ. ಕಾಯಿಸುತ್ತ ಕೂಡಲು ಹೊತ್ತೆಲ್ಲಿತ್ತು! ಎದುರಿನ ಅಂಗಡಿಯಿಂದ ಒಂದು ಖಾಲಿ ಚಿಮಣಿ ಎಣ್ಣೆ ಡಬ್ಬಿ ಕಿತ್ತುಕೊಂಡು, ಯಾರದೋ ಸೈಕಲ್ ತೆಗೆದುಕೊಂಡು, ಅಜ್ಜನನ್ನು ಹಿಂದೆ ಕೂಡಿಸಿಕೊಂಡು ಹೊರಟೆ. ಹಿಂದಿನಿಂದ ಅವನು ಡಬ್ಬಿ ಬಡಿಯುತ್ತ ಕೂಗುತ್ತಿದ್ದ. ಊರು ದಾಟಿ ದಿಬ್ಬ ಹತ್ತಿದಾಗ ಕೆಳಗಿನ ಬಯಲು ಕಂಡಿತು. ಬಯಲು ಇರಲಿಲ್ಲ. ಈ ದಡದಿಂದ ಆ ದಡದವರೆಗೆ ಕೆಂಪು ನೀರಿತ್ತು. ಅಜ್ಜ ಬಡಿಯುವುದನ್ನು ನಿಲ್ಲಿಸಿದ.

ಅಣ್ಣ, ಅತ್ತಿಗೆ ಇಬ್ಬರೂ ಬದುಕಿದ್ದರು. ಹೊಲದ ಅಂಚಿನ ಎತ್ತರದ ಬದುವಿನ ಮೇಲೆ ಜಾಲಿ ಮರ ಹಿಡಿದುಕೊಂಡು ನಿಂತಿದ್ದರು. ಹತ್ತಿರದ ಊರಿನವರು ಹಗ್ಗ ಒಗೆದು ಎಳೆದುಕೊಂಡರು. ಅವರೊಂದಿಗೆ ಹನ್ನೊಂದು ಕುರಿ ಉಳಿದಿದ್ದವು.

ಏನಾಯಿತೆಂದು ಹೇಳಿದವಳು ಅತ್ತಿಗೆ. ಅಣ್ಣ ಉಳಿದ ಕುರಿಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ. ಇಬ್ಬನಿ ಆರುವ ತನಕ ಕುರಿ ಮೇಯಲು ಬಿಡುವುದಿಲ್ಲ, ಹಾಗಾಗಿ ಹಿಂಡು ಇನ್ನೂ ಬಲೆಯೊಳಗೇ ಇತ್ತು. ಎಂಟರ ಹೊತ್ತಿಗೆ ಹೊಳೆಯ ಸದ್ದು ಬದಲಾಯಿತು. ಹೊಲದ ಸಾಲುಗಳಲ್ಲಿ ನೀರು ಹರಿದು ಬರತೊಡಗಿತು.

"ನಾ ಎರಡ ಸಲ ಹೇಳಿದ್ನೋ ಮೈದನಾ, ಎಬ್ಬಿಸೂಣು ಏಳು ಅಂತ. 'ಡಂಗರಾ ಬಂದಿಲ್ಲ, ಸುಮ್ನ ಕುಂದ್ರ, ಮುದುಕ ತಪ್ಪಸಂವ ಅಲ್ಲ' ಅಂದ. ರೊಟ್ಟಿ ತಿಂದ. ಹಿಂಗ ಕೈ ತೊಳಿಯೂದ್ರಾಗ ನೀರು ಬಲಿ ಒಳಗ ಬಂದ್ವು."

ಆಮೇಲೆ ಅವನು ಓಡಾಡಿ ಗೂಟ ಕಿತ್ತ. ಕುರಿಗಳು ನೀರಿಗೆ ಬೆದರಿ ಒಂದೇ ಮೂಲೆಗೆ ಒತ್ತಿಕೊಂಡವು, ಬಲೆ ಕಾಲಿಗೆ ಸುತ್ತಿಕೊಂಡಿತು, ಮುಂದಿನ ಟಗರು ಹೊಳೆಯ ಕಡೆಗೇ ತಿರುಗಿತು. ಅದರ ಹಿಂದೆ ಎಲ್ಲ ಹೋದವು. ಅತ್ತಿಗೆ ಇದನ್ನು ಹೇಳುವಾಗ ಅಜ್ಜ ನಮ್ಮ ಹಿಂದೆ ಡಬ್ಬಿ ಹಿಡಿದುಕೊಂಡು ನಿಂತಿದ್ದ. ಅಣ್ಣ ಅವನನ್ನು ನೋಡಿದ. ಬೈಯಲಿಲ್ಲ.

"ಯಾಕ ಬರ್ಲಿಲ್ಲೋ ಅಜ್ಜಾ?" ಎಂದಷ್ಟೇ ಕೇಳಿದ.

ಅಜ್ಜ ನನ್ನ ಕಡೆ ನೋಡಿದ. ನಾನು "ಬೆಳಗಾಂವಿಯಿಂದ ಕಾಗದ ಬಂದು ಡಂಗರಾ ನಿಂತೇತಿ, ಅಣ್ಣಾ" ಎಂದೆ. ಸುಳ್ಳಲ್ಲ. ಆದರೆ ಅಂಥ ನಿಜಕ್ಕಿಂತ ಸುಳ್ಳೇ ವಾಸಿ. ಅಜ್ಜ ಡಬ್ಬಿಯನ್ನು ಅಲ್ಲೇ ಇಟ್ಟು ಹೋದ.

ನಾಲ್ಕನೆಯ ದಿನ ಸಾಹೇಬರು ಬೆಳಗಾವಿಗೆ ಕಳಿಸುವ ವರದಿಯ ಕರಡು ನನ್ನ ಮುಂದಿಟ್ಟರು. ಚೊಕ್ಕ ಅಕ್ಷರದಲ್ಲಿ ನಕಲು ಮಾಡಬೇಕಾಗಿತ್ತು. ಎಚ್ಚರಿಕೆ ವ್ಯವಸ್ಥೆ ಸುಸ್ಥಿತಿಯಲ್ಲಿದೆ, ಕುರಿಗಾರರು ಅಜಾಗರೂಕತೆಯಿಂದ ಹೊಳೆಯ ಪಾತ್ರದಲ್ಲಿ ಹಿಂಡು ನಿಲ್ಲಿಸಿದ್ದರಿಂದ ಹಾನಿ ಸಂಭವಿಸಿದೆ ಎಂದಿತ್ತು. ಓದಿ, ಕರಡನ್ನು ಅವರ ಕಡೆಗೇ ಸರಿಸಿದೆ.

"ಇದನ್ನ ನಾ ಬರಿಯಂಗಿಲ್ರಿ."

"ಯಾಕ್ರಿ? ಸೈರನ್ ಕೆಟ್ಟೈತೇನು? ಇಲ್ಲ. ಕರೆಂಟ್ ಇದ್ದಿಲ್ಲ. ಕರೆಂಟ್ ನಮ್ಮ ಖಾತೆ ಅಲ್ಲ."

"ಬ್ಯಾಟರಿ ನಮ್ಮ ಖಾತೇನ ಇತ್ತಲ್ರಿ. ಸೈಕಲ್ಲೂ ಇತ್ತು. ಶಾಮಿಯಾನಾ ತರಾಕ ರೊಕ್ಕ ಇತ್ತು, ಅಜ್ಜಗ ಒಂದ ದಿನ ಸಾರಿ ಬಾ ಅನ್ನಾಕ ಇದ್ದಿಲ್ಲ. ಹ್ವಾದದ್ದು ನಮ್ಮಣ್ಣನ ಕುರಿ ಅದಾವ್ರಿ!"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನಿಮ್ಮಣ್ಣ ಅಂತ ಗೊತ್ತಿದ್ದಿಲ್ಲ. ಪಾಪ. ಆದ್ರ ಡಂಗರಾ ಬ್ಯಾಡ ಅನ್ನೋ ಟಿಪ್ಪಣಿ ಯಾರ ಕೈಯಾಗಿಂದು, ಒಮ್ಮಿ ಫೈಲ್ ತಗದು ನೋಡ್ರಿ," ಎಂದರು. ದನಿ ಏರಿಸಲಿಲ್ಲ. ಅವರ ದೊಡ್ಡ ಸಹಿ ಕೆಳಗಿತ್ತು, ನಿಜ. ಆದರೆ ಮಾತು ನನ್ನದು, ಅಕ್ಷರ ನನ್ನದು.

ಆ ವರದಿಯನ್ನು ಬೇರೆ ಕಾರಕೂನ ನಕಲು ಮಾಡಿದ. ನಾನು ರಜೆ ಹಾಕಿ ಬೆಳಗಾವಿಯ ಮೇಲಿನ ಕಚೇರಿಗೆ ಹೋಗಿ, ಆದದ್ದನ್ನೆಲ್ಲ ಬರೆದ ಅರ್ಜಿ ಕೊಟ್ಟೆ. ಅಲ್ಲಿಯ ಅಧಿಕಾರಿ ಓದಿ, ಬಹಳ ಸಮಾಧಾನದಿಂದ, "ನೀವು ಹೇಳೋದು ಖರೇ ಐತ್ರಿ. ಸೈರನ್ ಬಯಲಿಗೆ ಕೇಳ್ಸಂಗಿಲ್ಲ. ಬರೋ ವರ್ಷ ಅಲ್ಲಿಗೂ ಒಂದು ಸೈರನ್ ಕೊಡೂಣು," ಎಂದ. ನಾನು ಮೇಜು ಗುದ್ದಿದೆ. ಶಾಯಿಯ ದೌತಿ ಉರುಳಿ ಅವನ ಕಾಗದಗಳ ಮೇಲೆ ಬಿತ್ತು. ಜೀವಮಾನದಲ್ಲಿ ನಾನು ಮಾಡಿದ ಸರ್ಕಾರಿ ಕೆಲಸಗಳಲ್ಲಿ ಅದೊಂದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಕುರಿಗಳಿಗೆ ಪರಿಹಾರ ಬರಲಿಲ್ಲ, ಅಜಾಗರೂಕತೆ ಎಂದು ವರದಿಯೇ ಹೇಳಿತ್ತಲ್ಲ. ಬಂದದ್ದು ನನಗೊಂದು ಮೆಮೊ. ಡೆಡ್‌ಸ್ಟಾಕಿನ ಹಲಿಗೆ ಖೋಲಿಯಲ್ಲಿ ಕಾಣುತ್ತಿಲ್ಲ, ಎರಡು ದಿನದಲ್ಲಿ ಕಾರಣ ತಿಳಿಸಬೇಕು ಎಂದು. ಹೊಳೆ ಏರಿದ್ದು ಗೊತ್ತಾಗಲು ಮೂರು ತಾಸು ಸಾಲದ ಕಚೇರಿಗೆ ಒಂದು ಹಲಿಗೆ ಕಳೆದದ್ದು ವಾರದೊಳಗೆ ಗೊತ್ತಾಗಿತ್ತು. ಅದನ್ನು ನಾನೇ ಅಜ್ಜನ ಮನೆಗೆ ಮುಟ್ಟಿಸಿದ್ದೆ. ಅವನು ಅದನ್ನು ಒಳಗೆ ಒಯ್ಯಲಿಲ್ಲ. ಮೆಮೊಗೆ ನಾನು ಉತ್ತರ ಬರೆಯಲಿಲ್ಲ. ಅದರಿಂದ ಆದ ತೊಂದರೆ ದೊಡ್ಡದೇನಲ್ಲ, ಒಂದು ಇನ್‌ಕ್ರಿಮೆಂಟ್ ತಡೆದರು.

ಹದಿನೈದು ದಿನದ ಮೇಲೆ ಬಯಲಿಗೆ ಹೋದೆ. ನೀರು ಇಳಿದು ಹೊಲಗಳ ಮೇಲೆ ಹೊಳೆಯ ರೇವೆ ಮಣ್ಣು ಕೂತಿತ್ತು. ಅಣ್ಣ ಕೆಸರಿನಲ್ಲಿ ಹೂತಿದ್ದ ಬಲೆ ಎಳೆದೆಳೆದು ಸುತ್ತುತ್ತಿದ್ದ. ಅತ್ತಿಗೆ ಗೂಟಗಳನ್ನು ಒಟ್ಟು ಮಾಡುತ್ತಿದ್ದಳು. ಹನ್ನೊಂದು ಕುರಿ ಬದುವಿನ ಮೇಲೆ ಮೇಯುತ್ತಿದ್ದವು. ಮಗಳ ಮದುವೆ ಮುಂದಕ್ಕೆ ಹೋಗಿತ್ತು; ಇಬ್ಬರೂ ದೀಪಾವಳಿಯ ನಂತರ ಬೇರೆಯವರ ಹಿಂಡು ಕಾಯಲು ಒಪ್ಪಿಕೊಂಡಿದ್ದರು. ದೂರದ ಹೊಲಗಳಲ್ಲಿ ಆಗಲೇ ಮೂಡಣದಿಂದ ಬಂದ ಇನ್ನೂ ಎರಡು ಮೂರು ಹಿಂಡುಗಳ ಬಲೆ ಕಾಣುತ್ತಿದ್ದವು. ಘಟ್ಟದ ಕಡೆ ಚಿತ್ತಿ ಮಳೆಯ ಮೋಡ ಕೂಡಿತ್ತು.

ನಾನು ಬದುವಿನ ಮೇಲೆ ಕೂತೆ.

"ಡಂಗರಾ ಬ್ಯಾಡ ಅಂತ ಬರದಾಂವ ನಾನ, ಅಣ್ಣಾ," ಎಂದೆ. "ಬೆಳಗಾಂವಿಯವರು ರೊಕ್ಕ ಇಲ್ಲ ಅಂದ್ರು, ಸಾಹೇಬ್ರು ಬರಿ ಅಂದ್ರು. ಬರದಾಂವ ನಾನ. ಸಂತ್ಯಾಗ ನಿಂಗ ಹೇಳಬೇಕಿತ್ತು. ಹೇಳ್ಲಿಲ್ಲ."

ಅತ್ತಿಗೆಯ ಕೈಯಿಂದ ಗೂಟಗಳು ಬಿದ್ದವು. ಅಣ್ಣ ಬಲೆ ಸುತ್ತುವುದನ್ನು ಬಿಡಲಿಲ್ಲ. ಪೂರ್ತಿ ಸುತ್ತಿ, ಗಂಟು ಹಾಕಿ, ಪಕ್ಕಕ್ಕಿಟ್ಟ. ಅವನು ಹೊಡೆಯಲಿ ಎಂದು ಕಾಯುತ್ತಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಮತ್ತ ಈಗ ಯಾರು ಸಾರ್ತಾರ?" ಎಂದು ಕೇಳಿದ.

"ಯಾರೂ ಇಲ್ಲ."

"ಅಗೋ, ಅಲ್ಲಿ ಬಲಿ ಕಟ್ಯಾರಲ್ಲ, ಅವರಿಗೆ ಇದು ಗೊತ್ತೈತೇನ?"

"ಇಲ್ಲ."

ಅವನು ಮೋಡದ ಕಡೆ ನೋಡಿದ. ಕಂಬಳಿ ಹೆಗಲಿಗೆ ಹಾಕಿಕೊಂಡು ಕೋಲು ಎತ್ತಿಕೊಂಡ. ನಾನೂ ಎದ್ದು ಚಪ್ಪಲಿ ಹುಡುಕಿದೆ.

"ನೀ ಎಲ್ಲಿ ಹೊಂಟಿ?"

"ನಿನ್ನ ಜೋಡಿ. ಹೇಳಿ ಬರೂಣು."

"ಬರಬ್ಯಾಡ," ಎಂದ ಅಣ್ಣ. "ನಿನ್ನ ನೋಡಿದ್ರ ಸರಕಾರ ಐತಿ ಅಂತ ತಿಳದು ಮತ್ತ ಸುಮ್ನ ಕುಂದರತಾರ."